ಅರ್ಧ ಹಾಡಿನ ಕಾರ್ಡು

ಸ್ಟೇಶನ್ ಬಜಾರದಿಂದ ತಂದ ಹೂವಿನ ಚಿತ್ರದ ಕಾರ್ಡುಗಳು ಆರು. ಐದು ಬರೆದು ಮುಗಿಸಿದೆ. ಲಕೋಟೆಗೆ ನಾಲ್ಕು ನಾಲ್ಕು ಕಾಳು ಕುಸುರೆಳ್ಳು ಹಾಕೋಣವೆಂದು ಡಬ್ಬಿ ತೆಗೆದರೆ ಕಾಸಿದ ಸಕ್ಕರೆಯ ವಾಸನೆ ಬಂತು. ಅಂಗಡಿಯದು. ಬೆಳ್ಳಗೇನೋ ಇದೆ, ಮೈಮೇಲೆ ಮುಳ್ಳಿಲ್ಲ. ಎಳ್ಳಿನ ಮೇಲೆ ಸಕ್ಕರೆ ಮುಳ್ಳುಮುಳ್ಳಾಗಿ ಏಳದಿದ್ದರೆ ಅದು ಕುಸುರೆಳ್ಳೇ ಅಲ್ಲ ಎನ್ನುವ ಮನೆಯಲ್ಲಿ ಬೆಳೆದವಳು ನಾನು.

ಆಗ ನಿಜಾಮರ ಆಳ್ವಿಕೆ. ಕಲಬುರಗಿಯ ಗಾಜಿಪುರದಲ್ಲಿ ನಮ್ಮ ಮನೆ. ಸಂಕ್ರಾಂತಿಗೆ ಎಂಟು ದಿನ ಮೊದಲೇ ಕಮಲಾಪುರದಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಬರುತ್ತಿದ್ದಳು. ಅವ್ವ, ಅತ್ತೆ ಇದ್ದಿಲಿನ ಶೆಗಡಿಯ ಎರಡು ಬದಿಗೆ ಕೂತು, ಮೇಲೆ ಪರಾತದ ಅಗಲ ತಟ್ಟೆಯಿಟ್ಟು ಎಳ್ಳಿನಲ್ಲಿ ಕೈಯಾಡಿಸುವರು. ಪಾಕ ಒಮ್ಮೆಗೆ ಒಂದೇ ಚಮಚ. ಮುಂದಿನ ಚಮಚದ ಹೊತ್ತು ತಿಳಿಯಲು ಒಂದು ಹಾಡಿತ್ತು. ಅವ್ವ ಕೇಳುವಳು: "ಎಳ್ಳಿನ ಮೈಮ್ಯಾಲ ಮುಳ್ಳ ಯಾರ ನೆಟ್ಟಾರ?" ಅತ್ತಿಗೆಯನ್ನು ವೈನಿ ಎನ್ನುತ್ತಿದ್ದ ಅತ್ತೆ ಉತ್ತರಿಸುವಳು: "ಮುಳ್ಳಲ್ಲ ವೈನಿ, ಸಕ್ಕರಿಯ ಮೊಗ್ಗವ್ವ." ಎರಡೂ ಮುಗಿದರೆ ಮತ್ತೊಂದು ಚಮಚ. ಈ ಹಾಡು ಕಿವಿಗೆ ಬಿದ್ದ ದಿನವೇ ನಮಗೆ ಹಬ್ಬ.

ಒಂದು ವರ್ಷ ಅತ್ತೆ ಬರಲಿಲ್ಲ. ತನ್ನ ಮಗಳ ಲಗ್ನದಲ್ಲಿ ಅವಳು ಅವ್ವನಿಗೆ ಸೀರೆಯ ಉಡುಗೊರೆ ಕೊಟ್ಟು ಆಯೇರಿ ಮಾಡಿದ್ದಳು. ಮನೆಗೆ ಬಂದು ಮಡಿಕೆ ಬಿಚ್ಚಿದರೆ, ಎರಡು ವರ್ಷದ ಹಿಂದೆ ಅವ್ವನೇ ಅವಳಿಗೆ ಕೊಟ್ಟ ಸೀರೆ! ಟ್ರಂಕಿನಲ್ಲಿಟ್ಟ ಸೀರೆ ಯಾರು ಕೊಟ್ಟದ್ದೆಂದು ಲಗ್ನದ ಗದ್ದಲದಲ್ಲಿ ಯಾರಿಗೆ ನೆನಪಿರುತ್ತದೆ? ನೀವೂ ಮಾಡಿರಬಹುದು ಈ ತಪ್ಪು. ಅವ್ವ ಮಾತ್ರ, "ನಾ ಕೊಟ್ಟಿದ್ದು ನನಗೇ ಉಡಿಸ್ಯಾಳ" ಎಂದು ಹೇಳಿ ಕಳಿಸಿದಳು. ಅತ್ತೆ ಮಾತು ಬಿಟ್ಟಳು.

ಆ ಸಲ ಅವ್ವ ಒಬ್ಬಳೇ ಕೂತಳು. ತನ್ನ ಸಾಲು ಹಾಡಿ, ಉತ್ತರದಷ್ಟು ಹೊತ್ತು ಕಾಯದೆ ಪಾಕ ಸುರಿದಳು. ಎಳ್ಳು ಉಂಡೆಗಟ್ಟಿತು.

"ನಾ ಹಾಡ್ಲೇನವ್ವ?" ಎಂದೆ.

"ನೀ ಹಾಡಿದ್ರ ಎಳ್ಳು ಎದ್ದು ಹೊರಗ ಹೋಗ್ತಾವ. ಕಾರ್ಡ ತಾ ಹೋಗು."

ಬರೆಯುವ ಕೆಲಸ ನನ್ನದು. ಶಾಲೆಯಲ್ಲಿ ಉರ್ದು, ಮನೆಯಲ್ಲಿ ಅಪ್ಪ ಕಲಿಸಿದ ಕನ್ನಡ. ನನ್ನ ಅಕ್ಷರಗಳು ಎರಡೂ ದಿಕ್ಕಿಗೆ ವಾಲುತ್ತಿದ್ದವು. ಅತ್ತೆಗೆ ಏನು ಬರೆಯಲಿ ಎಂದರೆ ಅವ್ವ ಶೆಗಡಿಯ ಕೆಂಡ ಕೆದಕಿ, "ಹಾಡಿನಾಗ ನನ್ನ ಸಾಲಷ್ಟೇ ಬರಿ" ಎಂದಳು. ಬರೆದೆ. ಉಂಡೆ ಒಡೆದು ನಾಲ್ಕು ಕಾಳು ಲಕೋಟೆಗೆ ಹಾಕಿದೆ.

ಸಂಕ್ರಾಂತಿ ಬಂದು ಹೋಯಿತು. ಎಳ್ಳು ಕೊಡಲು ರಥಸಪ್ತಮಿಯವರೆಗೆ ಹೊತ್ತಿದೆಯೆಂದು ಅವ್ವ ಮತ್ತೆ ಶೆಗಡಿ ಹೊತ್ತಿಸಿದಳು. ನಾಲ್ಕನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ಗಾಡಿ ನಿಂತಿತು. ಅತ್ತೆ ಒಳಗೆ ಬಂದು, ಕೆಂಪು ಬಾಳೆಯ ಗೊನೆಯನ್ನು ಕಂಬಕ್ಕೆ ಒರಗಿಸಿ, ಕೈ ತೊಳೆದು ತನ್ನ ಜಾಗದಲ್ಲಿ ಕೂತಳು.

"ಬೆಂಕಿ ಭಾಳ ಆಗ್ಯದ ರೀ ವೈನಿ."

ಅವ್ವ ಎರಡು ಕೆಂಡ ತೆಗೆದಳು. "ಕಾರ್ಡ ಮುಟ್ಟಿತೇನು?"

"ಮುಟ್ಟ್ಯದ. ಟಪಾಲಿನವರು ಶಿಕ್ಕಾ ಗುದ್ದಿ ಎಳ್ಳು ಪುಡಿ ಮಾಡ್ಯಾರ. ಆ ಪುಡಿನೇ ನಾಲಿಗಿ ಮ್ಯಾಲ ಇಟ್ಕೊಂಡೆ. ಈ ಸಲ ಸೀರಿ ತಂದಿಲ್ಲ, ಬಾಳಿಹಣ್ಣು ತಂದೀನಿ. ತಿಂದು ಬಿಡ್ರಿ, ತಿರುಗಿ ಕೊಡಾಕ ಬರಂಗಿಲ್ಲ."

ಅವ್ವ ನಗಲಿಲ್ಲ. ಮುಖ ತಗ್ಗಿಸಿ ತನ್ನ ಸಾಲು ಹಾಡಿದಳು. ಅತ್ತೆ ತನ್ನದು ಹಾಡಿದಳು. ಆಮೇಲೆ ಪಾಕ ಬಿತ್ತು. ಸಂಜೆಯ ಹೊತ್ತಿಗೆ ಎಳ್ಳಿಗೆ ಮುಳ್ಳು ಬಂದಿತ್ತು.

ಉಳಿದ ಆರನೆಯ ಕಾರ್ಡು ನನ್ನ ನೆಗೆಣ್ಣಿಯದು, ಅಂದರೆ ವಾರಗಿತ್ತಿಯದು. ಇರುವುದು ಎರಡು ಓಣಿ ಆಚೆ, ದೀಪಾವಳಿಯಿಂದ ಮಾತಿಲ್ಲ. ಕಾರಣ ಸೀರೆಗಿಂತ ಸಣ್ಣದು, ಹೇಳಲು ನಾಚಿಕೆ. ಎರಡು ಓಣಿ ದಾಟುವ ಬದಲು ಟಪಾಲಿಗೆ ಹಾಕಿದರಾಯಿತು ಎಂದುಕೊಂಡಿದ್ದವಳು ನಾನು. ಈಗ ಕಾರ್ಡಿನಲ್ಲಿ ಅವ್ವನ ಸಾಲು ಬರೆದು, ಕೆಳಗೆ ಒಂದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ. ನಾನೇ ಒಯ್ಯುತ್ತೇನೆ. ಟಪಾಲಿಗೆ ಹಾಕಿದರೆ ಎಳ್ಳು ಪುಡಿಯಾಗುತ್ತದೆ, ನೋಡಿ.