ಹಾಲಮ್ಮಜ್ಜಿಯ ನಾರ್ಮಲ್

ನಮ್ಮ ಕಡೆಯ ಅಜ್ಜ ಅಜ್ಜಿಯರು "ಚೆನ್ನಾಗಿದ್ದೀನಿ" ಎಂದು ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ. ಕಾಗದ ಬರೆಯುವಾಗ "ಉಭಯ ಕುಶಲೋಪರಿ" ಎಂದು ಧಾರಾಳವಾಗಿ ಬರೆಸುವವರೂ ಎದುರಿಗೆ ಕೇಳಿದರೆ "ಏನೋ ಅದೀನಪ್ಪ" ಎನ್ನುತ್ತಾರೆ. ಚೆನ್ನಾಗಿದ್ದೇನೆಂದರೆ ದೃಷ್ಟಿಯಾದೀತೆಂಬ ಭಯ. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿ ಸೈಕಲ್ ತುಳಿಯುತ್ತಿದ್ದ ನನ್ನ ರಿಜಿಸ್ಟರಿನಲ್ಲಿ "ಏನೋ ಇದ್ದಾರೆ" ಎಂದು ಬರೆಯಲು ಕಾಲಂ ಇರಲಿಲ್ಲ, ಏನು ಮಾಡಲಿ ಹೇಳಿ.

ವಯಸ್ಸಿನ ಕಾಲಂ ಕೂಡ ಅಷ್ಟೇ. ಹಾಲಮ್ಮಜ್ಜಿಯನ್ನು ಕೇಳಿದರೆ, "ಈಸೂರು ಗಲಾಟಿ ಟೈಮಿಗೆ ನಾ ಮದಿವಿ ಆಗಿ ಬಂದಿದ್ದೆ, ನೀನ ಲೆಕ್ಕ ಹಾಕ್ಕ" ಎಂದಿದ್ದರು. ಅದು ನಲವತ್ತೆರಡರ ಚಳವಳಿಯ ಮಾತು; ಲೆಕ್ಕದಲ್ಲಿ ನಾನು ಮೊದಲಿನಿಂದಲೂ ಹಿಂದೆ. ಎಪ್ಪತ್ತು ಎಂದು ಬರೆದುಬಿಟ್ಟೆ.

ಪ್ರತಿ ಗುರುವಾರ ವಯಸ್ಸಾದವರ ಮನೆಗೆ ಹೋಗಿ ಬಿಪಿ ನೋಡುವುದು ನನ್ನ ಕೆಲಸ. ಅಜ್ಜಿಯ ಮನೆಯಲ್ಲಿ ಎಂಟು ಜನ; ಅವರತ್ತ ತಿರುಗಿ ನೋಡಲು ಒಬ್ಬರಿಗೂ ಪುರುಸೊತ್ತಿರಲಿಲ್ಲ. ನಾನು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, "ನಾರ್ಮಲ್ ಅಜ್ಜಿ" ಎಂದು ಗತ್ತಿನಿಂದ ಬರೆದುಕೊಳ್ಳುತ್ತಿದ್ದೆ. ಅಜ್ಜಿ ನನ್ನ ಸೊರಬದ ಮಾತನ್ನು ಅಣಕಿಸಿ, ಅರ್ಧ ಗಂಟೆ ಊರ ಸುದ್ದಿ ಹೇಳಿ, ಮಂಡಕ್ಕಿ ತಿನ್ನಿಸಿ ಕಳಿಸುತ್ತಿದ್ದರು.

ಒಮ್ಮೆ ಮೇಲಿನಿಂದ ಆದೇಶ ಬಂತು. ಇನ್ನು ಮುಂದೆ ಕಾಯಿಲೆಯವರ ಮನೆಗಷ್ಟೇ ಹೋಗಬೇಕು, ಗಟ್ಟಿಯಾಗಿರುವವರ ಹೆಸರು ಹೊಡೆದುಹಾಕಬೇಕು. ಅದಕ್ಕೆಂದು ಡಾಕ್ಟರೇ ನನ್ನ ಜೊತೆ ಹೊರಟರು. ಸುದ್ದಿ ನಮಗಿಂತ ಮೊದಲೇ ಅಜ್ಜಿಗೆ ಮುಟ್ಟಿತ್ತು. ಮಟಮಟ ಮಧ್ಯಾಹ್ನ ಕಂಬಳಿ ಹೊದ್ದು ಜಗಲಿಯ ಮೇಲೆ ನರಳುತ್ತಾ ಕೂತಿದ್ದರು.

"ಏನಜ್ಜಿ ತೊಂದರೆ?" ಎಂದರು ಡಾಕ್ಟರು.

"ನಾರ್ಮಲ್ ರೀ ಸಾಹೇಬ್ರ. ಆರು ತಿಂಗಳಾತು, ವಾರಾ ವಾರಾ ನೋಡಿ ಇವ್ರು ನಾರ್ಮಲ್ ಐತಿ ಅಂತಾನ ಬರೀತಾರ. ಒಂದಿನಾನೂ ಇಳೀಲಿಲ್ರಿ. ನಮ್ಮವ್ವಗೂ ಇದ ಇತ್ತೇನೋ, ತೊಂಬತ್ತು ವರ್ಷ ನರಳಿ ಹೋದ್ಲು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಆರು ತಿಂಗಳು ಇಂಗ್ಲಿಷ್ ಉದುರಿಸಿದವನಿಗೆ ಒಮ್ಮೆಯಾದರೂ ಅರ್ಥ ಹೇಳಬೇಕೆಂದು ಹೊಳೆದಿರಲಿಲ್ಲ.

"ನಾರ್ಮಲ್ ಅಂದ್ರೆ ಆರೋಗ್ಯವಾಗಿದ್ದೀರಿ ಅಂತ ಅಜ್ಜಿ" ಎಂದು ನಗುತ್ತಾ ಡಾಕ್ಟರು ಹೆಸರು ಹೊಡೆಯಲು ಪೆನ್ನು ತೆಗೆದರು. ನರಳಾಟ ಥಟ್ಟನೆ ನಿಂತಿತು. ಅಜ್ಜಿಯ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು.

"ಹೊಡೀಬ್ಯಾಡ್ರಿ ಸಾಹೇಬ್ರ" ಎಂದರು ಮೆಲ್ಲಗೆ. "ಇವ್ರು ಬರ್ತಾರಂತ ಗುರುವಾರ ಒಂದಿನ ತಲಿ ಬಾಚ್ಕಂತೀನ್ರಿ. ಉಳಿದ ದಿನ ಯಾರಿಗಂತ ಬಾಚ್ಲಿ?"

ಡಾಕ್ಟರು ಹೆಸರಿನ ಮುಂದೆ "ನಾರ್ಮಲ್. ವಾರಕ್ಕೊಮ್ಮೆ ನೋಡಲೇಬೇಕು" ಎಂದು ಬರೆದು ಸಹಿ ಹಾಕಿದರು. ಅಂಥ ಕಾಯಿಲೆ ಅವರ ಪುಸ್ತಕಗಳಲ್ಲಿ ಇದ್ದಿರಲಾರದು.

ಮುಂದಿನ ಗುರುವಾರ ಹೊರಡುವಾಗ ನಾನು ಕನ್ನಡಿಯ ಮುಂದೆ ತುಸು ಹೆಚ್ಚೇ ಹೊತ್ತು ನಿಂತೆ. ನನ್ನ ತಲೆಯ ಮೇಲೆ ಉಳಿದಿದ್ದದ್ದು ಹತ್ತಿಪ್ಪತ್ತು ಕೂದಲು. ಆದರೂ ಎಣ್ಣೆ ಹಚ್ಚಿ, ಬೈತಲೆ ತೆಗೆದು ಹೋದೆ.