ಅವರು ಹಾಕಿಸಿದ್ದ ಎಣ್ಣೆ

ಕಳೆದ ಸೋಮವಾರ ಕೊಟ್ಟೂರಿನ ಎಸ್‌ಟಿಡಿ ಬೂತಿನ ಪಕ್ಕದ ಗ್ಯಾರೇಜಿನಲ್ಲಿ ನಾನು ಒಂದು ಮಾತು ಹೇಳಿದೆ. ಮೆಕ್ಯಾನಿಕ್ ರಜಾಕ್ ಸಾಬರು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು.

"ಎಲ್ಲಾ ಸರ್ವಿಸ್ ಮಾಡ್ರಿ ಸಾಬ್ರ. ಇಂಜಿನ್ ಎಣ್ಣಿ ಮಾತ್ರ ಬದಲಿ ಮಾಡಬ್ಯಾಡ್ರಿ."

"ಯಾಕ್ರೀ ಅಕ್ಕಾರ? ಹರಕಿ ಐತೇನು?"

ಹರಕೆಯಲ್ಲ. ಆ ಎಣ್ಣೆ ಹಾಕಿಸಿದ್ದು ನನ್ನ ಯಜಮಾನರು. ಹಾಕಿಸಿ ಹದಿನೈದು ದಿನಕ್ಕೆ ಹೋಗಿಬಿಟ್ಟರು. ವರ್ಷದ ಮೇಲಾಯಿತು. ಅಂಗಿ ಕೊಟ್ಟೆ, ಚಪ್ಪಲಿ ಕೊಟ್ಟೆ. (ಕನ್ನಡಕ ಕೊಟ್ಟಿಲ್ಲ. ಯಾರಿಗೆ ಹೊಂದುತ್ತದೆ?) ಉಳಿದದ್ದು ಈ ಹಳೆಯ ಡೀಸೆಲ್ ಕಾರು. ನಲವತ್ತಾರಕ್ಕೆ ಡ್ರೈವಿಂಗ್ ಕಲಿತು, ಹರಪನಹಳ್ಳಿಯ ನಮ್ಮ ಪಾತ್ರೆ ಅಂಗಡಿಗೆ ದಿನಾ ಅದರಲ್ಲೇ ಹೋಗಿಬರುತ್ತೇನೆ. ಈಚೆಗೆ ಅದು ಕಟಕಟ ಅನ್ನತೊಡಗಿತ್ತು.

ನಮ್ಮ ಕಡೆ ಆಯಿಲ್ ಆರಿಸುವ ರೀತಿ ನಿಮಗೂ ಗೊತ್ತು. ಎಣ್ಣೆ ದಪ್ಪವೋ ತೆಳುವೋ ಎಂದು ಹೇಳುವ ಡಬ್ಬಿಯ ಮೇಲಿನ ಅಂಕಿ ಯಾರು ಓದುತ್ತಾರೆ? ಡಬ್ಬಿ ಗಟ್ಟಿಯಿದೆಯಾ, ಖಾಲಿಯಾದ ಮೇಲೆ ಹೊಲಕ್ಕೆ ನೀರು ಒಯ್ಯಲು ಬರುತ್ತದಾ, ಅಷ್ಟೇ. ನಮ್ಮ ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ. ಬೆರಳಲ್ಲಿ ಉಜ್ಜಿ ನೋಡುವವರು. ದಪ್ಪಗಿದ್ದರೆ ಒಳ್ಳೆಯದು! ಟ್ರ್ಯಾಕ್ಟರಿನ ಎಣ್ಣೆಯನ್ನೇ ಕಾರಿಗೂ ತರುತ್ತಿದ್ದರು.

"ಕಾರಿನ ಪುಸ್ತಕದಾಗ ತೆಳ್ಳಂದು ಹಾಕ್ರಿ ಅಂತ ಬರದಾರಲ್ರೀ" ಎಂದು ನಾನಂದರೆ, "ಪುಸ್ತಕ ಬರದಾವ ನಮ್ಮ ಬಿಸಲು ನೋಡ್ಯಾನೇನು?" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಇದೇ ವಾದ. ಇಪ್ಪತ್ತು ವರ್ಷ ಅವರೇ ಗೆದ್ದರು.

ರಜಾಕ್ ಸಾಬರು ಏರ್ ಫಿಲ್ಟರ್ ತೆಗೆದು ನೆಲಕ್ಕೆ ಬಡಿದರು. ಹರಪನಹಳ್ಳಿ ರಸ್ತೆಯ ಧೂಳು ಹಿಡಿಯಷ್ಟು ಬಿತ್ತು.

"ಯಜಮಾನ್ರು ಇದನ್ನ ಸೈಕಲ್ ಪಂಪಿಲೆ ಊದಿ ಊದಿ ಹಾಕ್ಯಾರ. ಇನ್ನ ಊದಿದ್ರ ಹರದು ಹೋಗ್ತೈತಿ."

ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಬೋರ್ ನೀರಿನ ಬಿಳಿ ಪದರ.

"ಹಂಡೆ ಮಾರೋರು ನೀವು. ಹಂಡೆದಾಗ ಕಟ್ಟಿದ್ದು ಇದರಾಗ ಕಟ್ಟಂಗಿಲ್ಲೇನು? ಬೋರ್ ನೀರು ಬಿಟ್ಟು ಕೂಲೆಂಟ್ ಹಾಕ್ರಿ."

ಕೊನೆಗೆ ಇಂಜಿನ್ ಎಣ್ಣೆ ಅಳೆಯುವ ಗೇಜ್ ಕಡ್ಡಿ ಎಳೆದು ನನ್ನ ಬೆರಳಿಗೆ ಒಂದು ಹನಿ ಹಚ್ಚಿದರು. ಉಜ್ಜಿದೆ. ಮರಳು ಮರಳು.

"ಇದು ಎಣ್ಣಿ ಅಲ್ರಿ, ಕಾಡಿಗಿ! ಇನ್ನೊಂದು ತಿಂಗಳು ಓಡಿಸಿದ್ರ ಇಂಜಿನ್ನ ಹಿಡಕೊಂತೈತಿ. ಆಮ್ಯಾಲ ಕಾರು ಗುಜರಿಗಿ ಹಾಕಿ, ಎಣ್ಣಿ ಮನ್ಯಾಗ ಇಟಗೊಂತೀರೇನು?"

ನಾನು ಬೆರಳನ್ನು ಇನ್ನೊಮ್ಮೆ ಉಜ್ಜಿ ನೋಡಿದೆ.

"ಯಜಮಾನ್ರು ಇದ್ದಿದ್ರ ಇಷ್ಟು ದಿನ ಬಿಡ್ತಿದ್ರೇನ್ರೀ ಅಕ್ಕಾರ?"

ಬಿಡುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ, ಒಂದು ದಿನವೂ ತಡಮಾಡದೆ, ತಪ್ಪು ಎಣ್ಣೆ ಹಾಕಿಸುತ್ತಿದ್ದರು.

"ತಗೀರಿ" ಎಂದೆ.

ಅಡಿಯ ಬೋಲ್ಟ್ ಬಿಚ್ಚಿದರು. ಎಣ್ಣೆ ಕಪ್ಪಗೆ ಬೋಗುಣಿಗೆ ಇಳಿಯಿತು. ಮೊದಲು ಧಾರೆ, ಆಮೇಲೆ ಎಳೆ, ಆಮೇಲೆ ಹನಿ. ಕೊನೆಯ ಹನಿ ಬಿದ್ದ ಮೇಲೂ ರಜಾಕ್ ಸಾಬರು ಬೋಲ್ಟ್ ಹಾಕಲು ಅವಸರ ಮಾಡಲಿಲ್ಲ. ಬಟ್ಟೆ ಹಿಡಿದು ಕೈ ಒರೆಸುತ್ತಲೇ ಇದ್ದರು. ಕೈ ಆಗಲೇ ಸ್ವಚ್ಛವಾಗಿತ್ತು.

"ಹೊಸದು ಯಾವುದು ಹಾಕ್ಲಿ? ಯಜಮಾನ್ರ ದಪ್ಪಂದೋ, ಪುಸ್ತಕದ್ದೋ?"

ಒಂದು ವರ್ಷದಿಂದ ಅಂಗಡಿಯ ಬೀಗವನ್ನೂ ಅವರಂತೆಯೇ ಎರಡು ಸಲ ಜಗ್ಗಿ ನೋಡುತ್ತ ಬಂದವಳು ನಾನು. ಬಾಯಿಗೆ "ದಪ್ಪಂದು" ಬಂದಿತ್ತು.

"ಪುಸ್ತಕದ್ದು ಹಾಕ್ರಿ" ಎಂದೆ. "ಫಿಲ್ಟರ್‌ನೂ ಹೊಸದು."

ಈಗ ಕಾರು ಕಟಕಟ ಅನ್ನುವುದಿಲ್ಲ. ಅಂತೂ ಇಪ್ಪತ್ತು ವರ್ಷದ ವಾದ ನಾನೇ ಗೆದ್ದೆ.

ಆದರೆ ಸೋತು ಮುಖ ಸಪ್ಪಗೆ ಮಾಡಿಕೊಳ್ಳಲು ಅವರೇ ಇಲ್ಲದ ಮೇಲೆ, ಇದನ್ನು ಗೆಲುವು ಅನ್ನಲಿ ಹೇಗೆ?