ಸರಸಮ್ಮ ಅತ್ತಾಗ ನಕ್ಕವರು

ರಾಮನಗರದ ಗಫಾರ್ ಸಾಹೇಬರ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಸರಸಮ್ಮನಿಗೆ ಸುಮ್ಮನೆ ಕೆಲಸ ಮಾಡುವುದು ಗೊತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನಂತೆ ಕೂಗುವಳು, ಸೊಸೆಯನ್ನು ಬೈಯುವ ಅತ್ತೆಯಾಗುವಳು, ಬೈಸಿಕೊಂಡ ಸೊಸೆಯೂ ತಾನೇ ಆಗುವಳು. ಹಬೆಯ ನಡುವೆ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವಾಗ ನೂಲು ತುಂಡಾಗುತ್ತಿತ್ತು. ಗದರಿಸಲು ಬಂದ ಗಫಾರ್ ಸಾಹೇಬರೇ ತಮ್ಮ ಕುಂಟುನಡಿಗೆಯನ್ನು ಅವಳಲ್ಲಿ ಕಂಡು ನಕ್ಕುಬಿಡುತ್ತಿದ್ದರು.

2002ರ ರಾಜ್ಯೋತ್ಸವದ ಹಾಸ್ಯಸಂಜೆಗೆ ಅವಳ ಹೆಸರು ಕೊಟ್ಟವರೂ ಅವರೇ. ಅಂದು ಬೆಂಗಳೂರಿನ ಕಲಾವಿದರ ಕಾರು ಬಿಡದಿಯಲ್ಲಿ ಕಾರ್ಖಾನೆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿತು. ಒಂದು ತುಣುಕು ಆಡಿ ಇಳಿಯಬೇಕಿದ್ದ ಸರಸಮ್ಮ ಅವರು ಬರುವ ತನಕ ವೇದಿಕೆ ಬಿಡಲಿಲ್ಲ. ಬಂದವರಲ್ಲೊಬ್ಬರು ಸಿನಿಮಾಕ್ಕೆ ಸಂಭಾಷಣೆ ಬರೆಯುವವರು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವಳಿಗೆ ಕರೆ ಬಂತು.

ಗಂಡ ಲಕ್ಷ್ಮಯ್ಯ ಬಿಡದಿಯ ಒಂದು ಕಾರ್ಖಾನೆಗೆ ಕೆಲಸಗಾರರ ಬಸ್ಸು ಓಡಿಸುತ್ತಿದ್ದ. “ಹೋಗ್ಬುಟ್ಟು ಬಾ. ಇಲ್ದಿದ್ರೆ ದಿನಾ ನನ್ ತಲೆ ತಿಂತೀಯ” ಎಂದ.

ಮೊದಲ ಸಿನಿಮಾದಲ್ಲಿ ಅವಳು ಚರಂಡಿಗೆ ಬಿದ್ದಳು. ಎರಡನೆಯದರಲ್ಲಿ ತಿಪ್ಪೆಗುಂಡಿಗೆ. ಆಮೇಲೆ ಎಮ್ಮೆಯ ಮೇಲಿಂದ. ಬೀಳುವುದು ಕಷ್ಟವಾಗಲಿಲ್ಲ, ಕಾಯುವುದು ಅವಳನ್ನು ಹಣ್ಣು ಮಾಡಿತು. ಬೆಳಿಗ್ಗೆ ಮೇಕಪ್ಪು ಹಚ್ಚಿಸಿಕೊಂಡರೆ ಸರದಿ ಬರುತ್ತಿದ್ದುದು ಬಿಸಿಲು ಇಳಿದ ಮೇಲೆ. ಕುರ್ಚಿಯಲ್ಲಿ ಕೂರಲಾಗದೆ ಲೈಟಿನವರಿಗೆ ಟೀ ಹಂಚುವಳು, ಅಡುಗೆಯವರ ಜೊತೆ ಈರುಳ್ಳಿ ಹೆಚ್ಚುವಳು. ಮನೆಗೆ ಬಂದರೂ ಅದೇ ಚಡಪಡಿಕೆ, ಬಾಗಿಲಿಗೂ ಒಲೆಗೂ ಓಡಾಟ.

“ಏನಾಗೈತೆ ನಿಂಗೆ? ಒಸಿ ಕೂತ್ಕೊಬಾರ್ದಾ?” ಎಂದ ಲಕ್ಷ್ಮಯ್ಯ.

“ಐದು ವರ್ಸದಿಂದ ಬೀಳ್ತಾನೇ ಇವ್ನಿ. ಒಂದ್ಸಲನಾದ್ರೂ ಜನದ ಮುಂದೆ ಅಳ್ಬೇಕು ಕಣಪ್ಪಾ.”

“ಅಳಾಕೆ ಸಿನಿಮಾ ಬೇಕಾ?” ಎಂದು ಅವನು ಬೀಡಿ ಹಚ್ಚಿದ.

ಅಂಥ ಪಾತ್ರ ಕೊಟ್ಟವಳು ಶಾಲಿನಿ ಎಂಬ ಹೊಸ ನಿರ್ದೇಶಕಿ. ಕಥೆಯಲ್ಲಿ, ತಮ್ಮ ಹೊಲ ಕೊಂಡ ಕಾರ್ಖಾನೆಯಲ್ಲೇ ಕೂಲಿಗೆ ಸೇರಿದ ಮಗ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ತಾಯಿ ಗೇಟಿನೆದುರು ಕುಳಿತು ಅಳುತ್ತಾಳೆ. ಕುದೂರಿನ ಬಳಿ ಚಿತ್ರೀಕರಣ ನಡೆದಾಗ ಶಾಲಿನಿಗೆ ‘ಕಟ್’ ಹೇಳುವುದೇ ಮರೆತುಹೋಯಿತು.

2009ರಲ್ಲಿ ಸಿನಿಮಾ ರಾಮನಗರಕ್ಕೆ ಬಂತು. ಗಂಡ ಹೆಂಡತಿ ಮ್ಯಾಟಿನಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರು. ಪರದೆಯ ಮೇಲೆ ಅವಳ ಮುಖ ಕಂಡದ್ದೇ ಶಿಳ್ಳೆ ಬಿತ್ತು. ಆಕೆ ಗೇಟಿನತ್ತ ನಡೆದರೆ, ಇನ್ನೇನು ಬೀಳುತ್ತಾಳೆಂದು ನಗು. ಹೆಣದ ಮೇಲಿನ ಬಟ್ಟೆ ಸರಿಸಿ ಬಾಯಿ ತೆರೆದಾಗ ಇಡೀ ಟಾಕೀಸು ಹೋ ಎಂದು ನಕ್ಕಿತು.

ಸರಸಮ್ಮ ಎದ್ದು ನಿಂತಳು. “ಯಾಕ್ರಲಾ ನಗ್ತೀರಾ? ಮಗ ಸತ್ತೋಗವ್ನೆ!”

ತಲೆಗಳು ತಿರುಗಿದವು. ಗುರುತು ಹಿಡಿದ ಮೇಲಂತೂ ನಗು ದುಪ್ಪಟ್ಟಾಯಿತು. ಲಕ್ಷ್ಮಯ್ಯ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದ. ಮೈಸೂರು ರಸ್ತೆಯುದ್ದಕ್ಕೂ ಅವಳು ಎಷ್ಟು ಬಿರುಸಾಗಿ ನಡೆದಳೆಂದರೆ ಅವನು ಓಡಬೇಕಾಯಿತು.

ಸಿನಿಮಾ ವಾರಕ್ಕೇ ಎತ್ತಂಗಡಿಯಾಯಿತು. ಸರಸಮ್ಮ ಮತ್ತೆ ಹಾಸ್ಯಸಂಜೆಗಳಿಗೆ ಹೊರಟಳು. ಟಾಕೀಸಿನ ಪ್ರಸಂಗವನ್ನೇ ಹೇಳಿ ಚನ್ನಪಟ್ಟಣದಲ್ಲಿ ಜನರನ್ನು ಬಿದ್ದು ಬಿದ್ದು ನಗಿಸಿದಳು. ಕನಕಪುರದಲ್ಲೂ ಹಾಗೆಯೇ ಶುರು ಮಾಡಿದವಳು, ಏನು ತೋಚಿತೋ, ವೇದಿಕೆಯ ಮೇಲೆ ಕುಳಿತು ಆ ತಾಯಿಯ ಅಳುವನ್ನೇ ಆಡಿದಳು. ಪೆಂಡಾಲಿನಲ್ಲಿ ಸದ್ದಿಲ್ಲ. ಪರದೆಯ ಮರೆಯಿಂದ ಸಂಘಟಕರು, “ಅಕ್ಕಾ, ನಗ್ಸಿ, ನಗ್ಸಿ!” ಎಂದು ಕೈಸನ್ನೆ ಮಾಡಿದರು. ಅವಳು ನಗಿಸಲಿಲ್ಲ. ಅವರು ಮತ್ತೆಂದೂ ಅವಳನ್ನು ಕರೆಯಲಿಲ್ಲ.

ಮಾಗಡಿಯಲ್ಲಿ ಅದನ್ನೇ ಆಡಿದಾಗ ಮಾತ್ರ ಜನ ನಕ್ಕರು. ಸರಸಮ್ಮನಿಗೆ ಈ ಸಲ ಸಿಟ್ಟು ಬರಲಿಲ್ಲ. ಎಡವಿದ್ದೆಲ್ಲಿ ಎಂಬುದೊಂದೇ ಕೊರೆಯತೊಡಗಿತು. ವಾಪಸು ಬರುವ ಬಸ್ಸಿನಲ್ಲಿ, “ನೋಡು, ಬಾಯಿ ತೆರಿಯೋ ಮುಂಚೆ ಒಸಿ ತಡೀಬೇಕಾಗಿತ್ತು” ಎಂದು ಪಕ್ಕದಲ್ಲಿ ಕುಳಿತಿದ್ದ ಲಕ್ಷ್ಮಯ್ಯನಿಗೆ ಹೇಳಿ, ಅಲ್ಲೇ ಸೀಟಿನಲ್ಲಿ ಮತ್ತೆ ಅತ್ತು ತೋರಿಸಿದಳು.

ಮುಂದಿನ ಸೀಟಿನ ಹೆಂಗಸು ಗಾಬರಿಯಿಂದ ಹಿಂತಿರುಗಿ ಅವಳ ಕೈ ಹಿಡಿದುಕೊಂಡಳು. “ಯಾರ್ ತೀರ್ಕಂಡ್ರವ್ವಾ?”